ಉಡುಪನ್ನು ನೋಡುವೆವೋ, ಉಟ್ಟವರನ್ನು ನೋಡುವೆವೋ?

ದೀಪಾವಳಿಗೆ ಎಂಟು ದಿನ ಮುಂಚೆ ಯಾವುದಾದರೊಂದು ಜವಳಿ ಅಂಗಡಿಗೆ ಹೋಗಿ ನೋಡಬೇಕು. ಗಾದಿಯ ಮೇಲೆ ಕುಳಿತ ಅಂಗಡಿಯವರು ಸೀರೆಯ ಮೇಲೆ ಸೀರೆ ಬಿಚ್ಚಿ ಹಾಸುತ್ತಾರೆ. ತಾಯಂದಿರ ಮನಸ್ಸು ಯಾವುದರ ಮೇಲೂ ನಿಲ್ಲದಿದ್ದಾಗ ಅಂಗಡಿಯ ಆಳು ಎದ್ದು ನಿಂತು, ನಿರಿಗೆಗಳನ್ನು ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡು, ಸೆರಗನ್ನು ತನ್ನ ಹೆಗಲ ಮೇಲೇ ಇಳಿಬಿಟ್ಟು ತೋರಿಸುತ್ತಾನೆ. ಮೀಸೆಯ ಗಂಡಸಿನ ಮೈಮೇಲೆ ಸೀರೆಯನ್ನು ಕಂಡು ಮಕ್ಕಳು ನಗುತ್ತಾರೆ. ತಾಯಂದಿರು ಮಾತ್ರ ನಗದೆ, ಅಂಚು ಎಷ್ಟು ಅಗಲ, ಸೆರಗು ಹೇಗೆ ಬೀಳುತ್ತದೆ, ಬಣ್ಣ ಗಟ್ಟಿಯೇ ಎಂದು ನೋಡುತ್ತಾರೆ. ಅದೇ ಅಂಗಡಿಯ ಬಾಗಿಲಲ್ಲಿ ಬೆಳ್ಳನೆಯ, ಎತ್ತರವಾದ, ತೆಳ್ಳನೆಯ ಗೊಂಬೆಯೊಂದು ನಿಂತಿರುತ್ತದೆ. ಅದಕ್ಕೆ ಉಡಿಸಿದ ಸೀರೆಯೇ ಬೇಕೆಂದು ಕೇಳುವವರು ಹಲವರು. ಮನೆಗೆ ತಂದು ಉಟ್ಟ ಮೇಲೆ, "ಅಂಗಡಿಯಲ್ಲಿ ಕಂಡ ಹಾಗಿಲ್ಲವಲ್ಲ!" ಎಂಬ ಮಾತು ಹೊರಡುತ್ತದೆ. ಸೀರೆ ಬದಲಾಗಿಲ್ಲ, ಉಟ್ಟವರು ಬದಲಾಗಿದ್ದಾರೆ.

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬುದು ನಮ್ಮ ಹಿರಿಯರ ಗಾದೆ. ಈ ಪರರ ನೋಟ ಹೇಗೆ ರೂಪುಗೊಳ್ಳುತ್ತದೆ, ಅದನ್ನು ರೂಪಿಸುವವರು ಯಾರು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರ ಮಾಡಲು ಬಯಸುತ್ತೇವೆ. ಅದಕ್ಕೆ ಪ್ಯಾರಿಸ್, ಮಿಲಾನ್, ಲಂಡನ್, ನ್ಯೂಯಾರ್ಕ್ ನಗರಗಳಲ್ಲಿ ನಡೆಯುವ ಬೆಲೆಬಾಳುವ ಉಡುಪುಗಳ ಪ್ರದರ್ಶನವನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ಅಷ್ಟು ದೂರದ ಶ್ರೀಮಂತರ ವಿಲಾಸದಿಂದ ನಮಗೇನು ಎಂದು ಪಾಲಕರು ಕೇಳಬಹುದು. ಇಂದು ಆ ಪ್ರದರ್ಶನಗಳ ಚಿತ್ರಗಳು ನಮ್ಮ ಮಕ್ಕಳ ಕೈಯಲ್ಲಿರುವ ಮೊಬೈಲ್ ಫೋನಿಗೆ ಅದೇ ದಿನ ಬಂದು ಸೇರುತ್ತವೆ. ಅವುಗಳನ್ನು ನೋಡಿ ಮಗುವು ಉಡುಪಿನ ಬಗ್ಗೆ ಮಾತ್ರವಲ್ಲ, ತನ್ನ ಮೈಬಣ್ಣದ ಬಗ್ಗೆಯೂ ಮೈಕಟ್ಟಿನ ಬಗ್ಗೆಯೂ ಒಂದು ತೀರ್ಮಾನಕ್ಕೆ ಬರುತ್ತದೆ. ಆದಕಾರಣ ಇದು ನಮ್ಮ ಮನೆಯ ವಿಷಯವೂ ಹೌದು.

ಪ್ರದರ್ಶನವೆಂದರೇನು?

ದೊಡ್ಡ ಉಡುಪಿನ ಸಂಸ್ಥೆಗಳು ಪ್ರತಿ ಋತುವಿಗೂ ಹೊಸ ಉಡುಪುಗಳ ಒಂದು ಸಮೂಹವನ್ನು ಸಿದ್ಧಪಡಿಸುತ್ತವೆ. ಇದನ್ನು 'ಸಂಗ್ರಹ' ಎನ್ನುತ್ತಾರೆ. ಉದ್ದನೆಯ ವೇದಿಕೆಯ ಮೇಲೆ ರೂಪದರ್ಶಿಗಳು ಈ ಉಡುಪುಗಳನ್ನು ತೊಟ್ಟು ಒಬ್ಬರ ಹಿಂದೆ ಒಬ್ಬರು ನಡೆದು ಹೋಗುತ್ತಾರೆ. ತಿಂಗಳುಗಟ್ಟಲೆಯ ದುಡಿಮೆಯು ಹತ್ತು ಹದಿನೈದು ನಿಮಿಷಗಳಲ್ಲಿ ನೋಟಕರ ಮುಂದೆ ಹಾದುಹೋಗುತ್ತದೆ. ಮುಂದಿನ ಸಾಲಿನಲ್ಲಿ ಅಂಗಡಿಗಳಿಗಾಗಿ ಖರೀದಿ ಮಾಡುವವರು, ಪತ್ರಿಕೆಯವರು, ಪ್ರಸಿದ್ಧ ನಟ ನಟಿಯರು ಇರುತ್ತಾರೆ. ಒಂದು ಉಡುಪನ್ನು ಕಣ್ತುಂಬ ನೋಡಲು ಅವರಿಗೆ ದೊರೆಯುವುದು ಕೆಲವೇ ಕ್ಷಣಗಳು. ಹೊಲಿಗೆಯನ್ನು ಮುಟ್ಟಿ ನೋಡುವ ಅವಕಾಶ ಆಗ ಇರುವುದಿಲ್ಲ. ಹೀಗಿರುವಾಗ, ಬಟ್ಟೆಗಿಂತ ಮೊದಲು ಕಣ್ಣಿಗೆ ಬೀಳುವುದು ಮುಖ, ನಿಲುವು ಮತ್ತು ನಡಿಗೆ.

ಈ ಮುಖಗಳನ್ನು ಆರಿಸುವುದೇ ಒಂದು ವೃತ್ತಿ. ಪ್ರದರ್ಶನಕ್ಕೆ ಮುಂಚೆ ಆಯ್ಕೆಯ ನಿರ್ದೇಶಕರು ಬಹು ಮಂದಿ ಯುವಕ ಯುವತಿಯರನ್ನು ಕರೆಸಿ, ನಡೆಸಿ ನೋಡಿ, ವಿನ್ಯಾಸಕರೊಡನೆ ಕೂಡಿ ಕೆಲವರನ್ನು ಗೊತ್ತುಮಾಡುತ್ತಾರೆ. ಯಾವ ಉಡುಪು ಯಾರಿಗೆ, ಮೊದಲು ಬರುವವರು ಯಾರು, ಕೊನೆಗೆ ಬರುವವರು ಯಾರು ಎಂಬುದೂ ಆಗಲೇ ತೀರ್ಮಾನವಾಗುತ್ತದೆ. ಮೊದಲನೆಯವರು ಸಂಗ್ರಹದ ಸ್ವರವನ್ನು ಹಿಡಿದುಕೊಡುತ್ತಾರೆ. ಕೊನೆಯವರು ನೋಡಿದವರ ನೆನಪಿನಲ್ಲಿ ಉಳಿಯುತ್ತಾರೆ. ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಮಾದರಿ ಉಡುಪುಗಳನ್ನು ಸಾಮಾನ್ಯವಾಗಿ ಒಂದೇ ಸಣ್ಣ ಅಳತೆಗೆ ಮುಂಚೆಯೇ ಹೊಲಿದಿರುತ್ತಾರೆ. ನಮ್ಮ ಊರಿನ ದರ್ಜಿಯು ಮೈಯ ಅಳತೆ ತೆಗೆದುಕೊಂಡು ಅಂಗಿ ಹೊಲಿಯುತ್ತಾನೆ. ಅಲ್ಲಿ ಅಂಗಿಯ ಅಳತೆಗೆ ಒಪ್ಪುವ ಮೈಯನ್ನು ಹುಡುಕುತ್ತಾರೆ.

ಶಾಲು ನೋಡಲು ಬಂದವರು

ಈ ಪದ್ಧತಿಯ ಮೂಲವನ್ನು ಅರಸಿ ಹೊರಟರೆ ನಾವು ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿಗೆ ಹೋಗಬೇಕಾಗುತ್ತದೆ. ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಆಂಗ್ಲ ತರುಣರು ಅಲ್ಲಿನ ಒಂದು ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅದೇ ಅಂಗಡಿಯಲ್ಲಿ ಮೇರಿ ವೆರ್ನೆ ಎಂಬ ಯುವತಿಯು ಶಾಲುಗಳನ್ನು ಹೊದ್ದು ಗಿರಾಕಿಗಳಿಗೆ ತೋರಿಸುತ್ತಿದ್ದಳು. ಶಾಲಿನ ಅಂದ ಎದ್ದು ಕಾಣಲೆಂದು ವರ್ತ್ ಅವರು ಆಕೆಗೆ ಸಾದಾ ಉಡುಪುಗಳನ್ನು ಹೊಲಿದುಕೊಟ್ಟರು. ಆಮೇಲೆ ನಡೆದುದು ಸ್ವಾರಸ್ಯಕರವಾಗಿದೆ: ಶಾಲು ನೋಡಲು ಬಂದ ಗಿರಾಕಿಗಳು ಆ ಉಡುಪು ತಮಗೂ ಬೇಕೆಂದು ಕೇಳತೊಡಗಿದರು! ಮುಂದೆ ಇವರಿಬ್ಬರೂ ವಿವಾಹವಾದರು. ೧೮೫೮ರಲ್ಲಿ ವರ್ತ್ ಅವರು ತಮ್ಮದೇ ಉಡುಪಿನ ಸಂಸ್ಥೆಯನ್ನು ತೆರೆದಾಗ, ಅಲ್ಲಿನ ಉಡುಪುಗಳನ್ನು ತೊಟ್ಟು ದೊಡ್ಡ ಮನೆತನದವರ ಕಣ್ಣಿಗೆ ಬೀಳುವಂತೆ ಮಾಡಿದವರೂ ಮೇರಿಯವರೇ. ಉಡುಪಿನ ಇತಿಹಾಸಕಾರರು ಅವರನ್ನು ಮೊದಲ ರೂಪದರ್ಶಿಗಳಲ್ಲಿ ಒಬ್ಬರೆಂದು ಎಣಿಸುತ್ತಾರೆ.

೧೯೨೪ರಲ್ಲಿ ಪ್ಯಾರಿಸಿನ ವಿನ್ಯಾಸಕ ಜಾನ್ ಪಾತು ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರ ಗಿರಾಕಿಗಳಲ್ಲಿ ಅಮೆರಿಕದ ಸ್ತ್ರೀಯರು ಬಹಳವಿದ್ದರು. ತಮ್ಮಂಥ ನಿಲುವಿನವರ ಮೇಲೆ ಉಡುಪನ್ನು ಕಂಡರೆ ಆ ಸ್ತ್ರೀಯರಿಗೆ ಕೊಳ್ಳುವ ಮನಸ್ಸಾದೀತೆಂದು ಎಣಿಸಿ, ಪಾತು ಅವರು ಅಮೆರಿಕಕ್ಕೇ ಹೋಗಿ ಆರು ಮಂದಿ ಯುವತಿಯರನ್ನು ಆರಿಸಿ ಪ್ಯಾರಿಸಿಗೆ ಕರೆತಂದರು. ರೂಪದರ್ಶಿಯನ್ನು ಕಂಡು ಕೊಳ್ಳುವವರು "ಇದು ನನ್ನಂಥವಳಿಗಾಗಿಯೇ ಹೊಲಿದುದು" ಎಂದುಕೊಳ್ಳುತ್ತಾರೆ, ಇಲ್ಲವೇ "ಇದು ನನಗಲ್ಲ" ಎಂದು ಹಿಂದೆ ಸರಿಯುತ್ತಾರೆ. ಈ ಮರ್ಮವನ್ನು ವ್ಯಾಪಾರಿಗಳು ನೂರು ವರ್ಷಗಳ ಹಿಂದೆಯೇ ಅರಿತಿದ್ದರು.

ವರ್ಸೇಲ್ಸ್ ಅರಮನೆಯ ಒಂದು ರಾತ್ರಿ

ಆಯ್ಕೆಯು ಜನಾಭಿಪ್ರಾಯವನ್ನು ಎಷ್ಟರಮಟ್ಟಿಗೆ ತಿರುಗಿಸಬಲ್ಲದು ಎಂಬುದಕ್ಕೆ ೧೯೭೩ರ ನವೆಂಬರ್ ೨೮ರ ರಾತ್ರಿ ಒಂದು ದೊಡ್ಡ ಸಾಕ್ಷಿ. ಫ್ರಾನ್ಸಿನ ವರ್ಸೇಲ್ಸ್ ಅರಮನೆಯು ಜೀರ್ಣವಾಗಿತ್ತು. ಅದರ ದುರಸ್ತಿಗೆ ಹಣ ಕೂಡಿಸಲು ಅಲ್ಲಿಯೇ ಒಂದು ಉಡುಪಿನ ಪ್ರದರ್ಶನವನ್ನು ಏರ್ಪಡಿಸಿದರು. ಫ್ರಾನ್ಸಿನ ಕಡೆಯಿಂದ ಈವ್ ಸೇಂಟ್ ಲಾರೆಂಟ್, ಜೀವಾಂಶಿ, ಪಿಯರ್ ಕಾರ್ಡಿನ್, ಉಂಗಾರೊ ಮತ್ತು ಡಿಯೋರ್ ಸಂಸ್ಥೆಯ ಮಾರ್ಕ್ ಬೋಹಾನ್ ಎಂಬ ಐವರು. ಅಮೆರಿಕದ ಕಡೆಯಿಂದ ಆಸ್ಕರ್ ಡಿ ಲಾ ರೆಂಟಾ, ಬಿಲ್ ಬ್ಲಾಸ್, ಹಾಲ್‌ಸ್ಟನ್, ಆ್ಯನ್ ಕ್ಲೈನ್ ಮತ್ತು ಸ್ಟೀಫನ್ ಬರೋಸ್ ಎಂಬ ಐವರು. ಹತ್ತು ಮಂದಿಯಲ್ಲಿ ಕರಿಯ ಜನಾಂಗಕ್ಕೆ ಸೇರಿದ ವಿನ್ಯಾಸಕರು ಬರೋಸ್ ಒಬ್ಬರೇ.

ಆ ಕಾಲದಲ್ಲಿ ಉಡುಪಿನ ವಿಷಯದಲ್ಲಿ ಪ್ಯಾರಿಸಿನ ಮಾತೇ ವೇದವಾಕ್ಯ. ಅಮೆರಿಕದವರು ಸಿದ್ಧ ಉಡುಪುಗಳನ್ನು ಹೊಲಿದು ಮಾರುವವರೇ ಹೊರತು ಕಲಾವಿದರಲ್ಲ ಎಂಬ ಭಾವನೆ ಬಲವಾಗಿತ್ತು. ಫ್ರೆಂಚರ ಭಾಗವು ಎರಡು ಗಂಟೆಗೂ ಮೀರಿ ನಡೆಯಿತು. ವಾದ್ಯವೃಂದ, ಭಾರಿ ರಂಗಸಜ್ಜು, ಕುಂಬಳಕಾಯಿಯ ರಥ, ಆಕಾಶನೌಕೆ, ನೃತ್ಯಪಟು ನುರೆಯೆವ್, ಗಾಯಕಿ ಜೋಸೆಫೀನ್ ಬೇಕರ್, ಎಲ್ಲವೂ ಇದ್ದವು. ಅಮೆರಿಕದವರ ಪಾಡು ಬೇರೆ. ಅವರು ಅಡಿ ಮತ್ತು ಮೀಟರುಗಳ ಅಳತೆಯಲ್ಲಿ ಎಡವಿದ್ದರಿಂದ ತಂದ ಹಿನ್ನೆಲೆಯ ಪರದೆಯೇ ರಂಗಕ್ಕೆ ಸರಿಹೊಂದಲಿಲ್ಲ. ಕೊನೆಯ ಗಳಿಗೆಯಲ್ಲಿ ಒಂದು ಬಟ್ಟೆಯ ಮೇಲೆ ಐಫೆಲ್ ಗೋಪುರದ ರೇಖಾಚಿತ್ರವನ್ನು ಬರೆದು ತೂಗುಹಾಕಿದರು. ಸಂಗೀತವೂ ಧ್ವನಿಮುದ್ರಿಕೆಯದು. ಅವರ ಭಾಗ ಮುಗಿದುದು ಅರ್ಧ ಗಂಟೆಯ ಸುಮಾರಿನಲ್ಲಿ.

ಆದರೂ ಆ ರಾತ್ರಿ ಗೆದ್ದವರು ಅಮೆರಿಕದವರೇ. ಅವರ ಜೊತೆ ಬಂದಿದ್ದ ಮೂವತ್ತಾರು ರೂಪದರ್ಶಿಗಳಲ್ಲಿ ಸುಮಾರು ಹತ್ತು ಮಂದಿ ಕರಿಯ ಸ್ತ್ರೀಯರು. ಪ್ಯಾಟ್ ಕ್ಲೀವ್‌ಲ್ಯಾಂಡ್, ಬಿಲ್ಲಿ ಬ್ಲೇರ್, ಆಲ್ವಾ ಚಿನ್, ಬೆಥಾನ್ ಹಾರ್ಡಿಸನ್ ಮೊದಲಾದ ಇವರು ನಿಂತ ಗೊಂಬೆಗಳಂತೆ ಉಡುಪನ್ನು ತೋರಿಸಲಿಲ್ಲ. ಸಂಗೀತದ ಲಯಕ್ಕೆ ತಕ್ಕಂತೆ ನಡೆದರು, ತಿರುಗಿದರು, ಸಭೆಯನ್ನು ದಿಟ್ಟಿಸಿ ನೋಡಿದರು. ನೋಟಕರು ಎದ್ದು ನಿಂತು, ಕೈಯಲ್ಲಿದ್ದ ಕಾರ್ಯಕ್ರಮದ ಪತ್ರಿಕೆಗಳನ್ನೇ ಮೇಲಕ್ಕೆ ಎಸೆದರೆಂದು ಕಂಡವರು ಹೇಳಿದ್ದಾರೆ. ಅಲ್ಲಿಂದ ಮುಂದೆ ಅಮೆರಿಕದ ಉಡುಪನ್ನು ಲೋಕವು ಬೇರೆ ಕಣ್ಣಿನಿಂದ ನೋಡತೊಡಗಿತು.

ಇಲ್ಲಿ ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ಗೆಲುವಿಗೆ ಕಾರಣ ಆಯ್ಕೆಯೊಂದೇ ಅಲ್ಲ. ಪ್ರದರ್ಶನ ಚಿಕ್ಕದಾಗಿ ಚೊಕ್ಕವಾಗಿತ್ತು. ಉಡುಪುಗಳು ಹಗುರವಾಗಿ, ಮೈಯೊಡನೆ ಚಲಿಸುವಂತೆ ಇದ್ದವು. ಆದರೆ ಹಗುರವಾದ ಬಟ್ಟೆಯು ಹೇಗೆ ಚಲಿಸುತ್ತದೆಂದು ತೋರಿಸಿಕೊಡಲು ಚಲಿಸಬಲ್ಲವರು ಬೇಕಷ್ಟೆ. ಬಟ್ಟೆಯಲ್ಲಿ ಅಡಗಿದ್ದ ಗುಣವು ತಕ್ಕವರು ತೊಟ್ಟಾಗ ಪ್ರಕಟವಾಯಿತು.

ಪ್ರಭಾವಳಿಯ ತಪ್ಪು

ಹೀಗೆ ತೊಟ್ಟವರ ಗುಣವು ತೊಡಿಗೆಗೆ ಅಂಟಿಕೊಳ್ಳುವುದೇಕೆ? ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಅವರು ೧೯೨೦ರಲ್ಲಿ ಪ್ರಕಟಿಸಿದ ಒಂದು ಲೇಖನವು ಇದಕ್ಕೆ ಬೆಳಕು ಚೆಲ್ಲುತ್ತದೆ. ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ಶೀಲ ಇವುಗಳಿಗೆ ಬೇರೆಬೇರೆಯಾಗಿ ಅಂಕ ಕೊಟ್ಟಿದ್ದರು. ನೋಡಿದರೆ, ಮೈಕಟ್ಟಿನಲ್ಲಿ ಹೆಚ್ಚು ಅಂಕ ಪಡೆದವರಿಗೆ ಬುದ್ಧಿಯಲ್ಲಿಯೂ ಶೀಲದಲ್ಲಿಯೂ ಹೆಚ್ಚು ಅಂಕ ಬಂದಿತ್ತು. ಎತ್ತರವಾದವನೆಲ್ಲ ಬುದ್ಧಿವಂತನೂ ಆಗಿರಬೇಕೆಂಬ ನಿಯಮವೇನೂ ಇಲ್ಲ. ಒಂದು ಗುಣದ ಹೊಳಪು ಮಿಕ್ಕ ಗುಣಗಳ ಮೇಲೆಯೂ ಹರಡಿ, ಅಳೆಯುವವರ ಕಣ್ಣನ್ನು ಮಂಕುಮಾಡಿತ್ತು. ದೇವರ ವಿಗ್ರಹದ ಹಿಂದಿನ ಪ್ರಭಾವಳಿಯನ್ನು ನೆನೆದರೆ ಈ ದೋಷಕ್ಕೆ 'ಪ್ರಭಾವಳಿ ಪರಿಣಾಮ' ಎಂಬ ಹೆಸರು ಚೆನ್ನಾಗಿ ಒಪ್ಪುತ್ತದೆ.

೧೯೯೧ರ ಮಾರ್ಚ್ ತಿಂಗಳಿನಲ್ಲಿ ಮಿಲಾನ್ ನಗರದಲ್ಲಿ ವರ್ಸಾಚೆ ಸಂಸ್ಥೆಯ ಪ್ರದರ್ಶನವು ಮುಗಿಯುವಾಗ ನವೋಮಿ ಕ್ಯಾಂಬೆಲ್, ಲಿಂಡಾ ಎವಾಂಜೆಲಿಸ್ಟಾ, ಸಿಂಡಿ ಕ್ರಾಫರ್ಡ್, ಕ್ರಿಸ್ಟಿ ಟರ್ಲಿಂಗ್ಟನ್ ಎಂಬ ನಾಲ್ವರು ಪ್ರಸಿದ್ಧ ರೂಪದರ್ಶಿಗಳು ಕೈ ಕೈ ಹಿಡಿದುಕೊಂಡು, ಆ ಕಾಲದ ಜನಪ್ರಿಯ ಹಾಡೊಂದಕ್ಕೆ ತುಟಿಯಾಡಿಸುತ್ತ ಬಂದರು. ಇಂದಿಗೂ ಆ ಸಂಗ್ರಹವನ್ನು ನೆನೆಯುವವರು ಈ ನಾಲ್ವರ ಹೆಸರನ್ನು ಹೇಳುತ್ತಾರೆ. ಉಡುಪಿನ ಕತ್ತರಿಕೆ ಹೇಗಿತ್ತೆಂದು ಹೇಳುವವರು ವಿರಳ. ಇದು ಪ್ರಭಾವಳಿಯ ಪ್ರಭಾವವಲ್ಲದೆ ಬೇರೇನು?

ಆಯ್ಕೆಯು ಕಣ್ಣನ್ನು ಮಂಕುಮಾಡುವಂತೆ ತೆರೆಸಲೂ ಬಲ್ಲದು. ೧೯೯೮ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ವಿನ್ಯಾಸಕ ಅಲೆಕ್ಸಾಂಡರ್ ಮೆಕ್ವೀನ್ ಅವರ ಪ್ರದರ್ಶನದಲ್ಲಿ ಏಮಿ ಮಲ್ಲಿನ್ಸ್ ಎಂಬ ಅಮೆರಿಕದ ಯುವತಿ ನಡೆದರು. ಶಿಶುವಾಗಿದ್ದಾಗಲೇ ಆಕೆಯ ಎರಡು ಕಾಲುಗಳನ್ನೂ ಮೊಣಕಾಲಿನ ಕೆಳಗೆ ತೆಗೆಯಬೇಕಾಗಿ ಬಂದಿತ್ತು. ಆದರೂ ಅವರು ಓಟಗಾರ್ತಿಯಾಗಿ ೧೯೯೬ರ ಅಟ್ಲಾಂಟಾ ಪ್ಯಾರಾಲಿಂಪಿಕ್ಸಿನಲ್ಲಿ ಭಾಗವಹಿಸಿದ್ದರು. ಮೆಕ್ವೀನ್ ಅವರು ಆಕೆಗಾಗಿ ಮರದಲ್ಲಿ ಹೂಬಳ್ಳಿಗಳನ್ನು ಕೆತ್ತಿಸಿದ ಕೃತಕ ಕಾಲುಗಳನ್ನು ಮಾಡಿಸಿದರು. ನೋಟಕರಲ್ಲಿ ಎಷ್ಟೋ ಮಂದಿ ಅವನ್ನು ಹೊಸ ಬಗೆಯ ಬೂಟುಗಳೆಂದೇ ತಿಳಿದರು! ನಿಜ ತಿಳಿದ ಮೇಲೆ, ಅಂದವೆಂದರೆ ಇಂಥದೇ ಮೈ ಎಂದು ತಾವು ನಂಬಿದ್ದುದು ಎಷ್ಟು ಸರಿ ಎಂದು ಅವರು ತಮ್ಮನ್ನೇ ಕೇಳಿಕೊಳ್ಳಬೇಕಾಯಿತು.

ಆಯ್ಕೆಯಾಗದವರು

ವೇದಿಕೆಯ ಮೇಲೆ ಕಂಡವರನ್ನು ಕುರಿತು ಇದುವರೆಗೆ ಹೇಳಿದೆವು. ಕಾಣದೆ ಉಳಿದವರ ವಿಚಾರ ಇನ್ನೂ ಮುಖ್ಯವಾದುದು.

೧೯೯೦ರ ದಶಕದ ಕೊನೆಯಿಂದ ಹಲವು ದೊಡ್ಡ ಸಂಸ್ಥೆಗಳು ಒಂದೇ ಎತ್ತರದ, ಒಂದೇ ತೆಳುವಿನ, ಬಹುಮಟ್ಟಿಗೆ ಒಂದೇ ಬಿಳಿಯ ಬಣ್ಣದ ಯುವತಿಯರನ್ನೇ ಸಾಲಾಗಿ ನಡೆಸತೊಡಗಿದವು. ಎಲ್ಲರೂ ಒಂದೇ ತೆರನಾಗಿದ್ದರೆ ನೋಟಕರ ಗಮನ ಉಡುಪಿನ ಮೇಲೆಯೇ ನಿಲ್ಲುತ್ತದೆ ಎಂದು ಅದಕ್ಕೆ ಸಮರ್ಥನೆ ಕೊಡುತ್ತಿದ್ದರು. ಆದರೆ ಈ ಏಕರೂಪವೂ ಒಂದು ಮಾತನ್ನು ಹೇಳುತ್ತದೆಯಲ್ಲವೇ? "ಈ ಉಡುಪು ಇಂಥವರಿಗೆ ಮಾತ್ರ" ಎಂಬುದೇ ಆ ಮಾತು. ಇಟಲಿಯ ಪ್ರಾಡಾ ಸಂಸ್ಥೆಯ ವೇದಿಕೆಯ ಮೇಲೆ ೧೯೯೭ರಲ್ಲಿ ನವೋಮಿ ಕ್ಯಾಂಬೆಲ್ ನಡೆದ ಮೇಲೆ ಮತ್ತೊಬ್ಬ ಕರಿಯ ರೂಪದರ್ಶಿ ನಡೆದುದು ೨೦೦೮ರಲ್ಲಿ. ಅದೇ ವರ್ಷದ ಜುಲೈ ತಿಂಗಳಿನಲ್ಲಿ ಇಟಲಿಯ 'ವೋಗ್' ಪತ್ರಿಕೆಯು ಕರಿಯ ರೂಪದರ್ಶಿಗಳಿಗೇ ಮೀಸಲಾದ ಸಂಚಿಕೆಯೊಂದನ್ನು ತಂದಿತು. ಪ್ರತಿಗಳು ತೀರಿಹೋಗಿ ಮರುಮುದ್ರಣವಾಯಿತು. ಇಂಥ ಮುಖಗಳಿದ್ದರೆ ಮಾರಾಟವಾಗುವುದಿಲ್ಲ ಎಂಬ ವಾದಕ್ಕೆ ಅದೇ ಉತ್ತರವಾಯಿತು.

೧೯೭೩ರಲ್ಲಿ ವರ್ಸೇಲ್ಸಿನಲ್ಲಿ ನಡೆದ ಬೆಥಾನ್ ಹಾರ್ಡಿಸನ್ ಅವರ ಹೆಸರು ಇಲ್ಲಿ ಮತ್ತೆ ಬರುತ್ತದೆ. ನಲವತ್ತು ವರ್ಷಗಳ ತರುವಾಯ, ೨೦೧೩ರ ಸೆಪ್ಟೆಂಬರಿನಲ್ಲಿ, ಅವರು ನವೋಮಿ ಕ್ಯಾಂಬೆಲ್ ಮತ್ತು ಇಮಾನ್ ಅವರ ಬೆಂಬಲದೊಡನೆ ನಾಲ್ಕು ನಗರಗಳ ಉಡುಪಿನ ಮಂಡಲಿಗಳಿಗೆ ಬಹಿರಂಗ ಪತ್ರಗಳನ್ನು ಬರೆದರು. ಕರಿಯ ರೂಪದರ್ಶಿಗಳನ್ನು ಒಬ್ಬರನ್ನೂ ತೆಗೆದುಕೊಳ್ಳದ, ಅಥವಾ ಒಬ್ಬರನ್ನು ಮಾತ್ರ ತೆಗೆದುಕೊಂಡ ಸಂಸ್ಥೆಗಳ ಹೆಸರುಗಳನ್ನು ಅದರಲ್ಲಿ ಪಟ್ಟಿಮಾಡಿದ್ದರು. ವಿನ್ಯಾಸಕರ ಉದ್ದೇಶ ಏನೇ ಇರಲಿ, ಫಲಿತವು ವರ್ಣಭೇದವೇ ಎಂಬುದು ಪತ್ರದ ಸಾರಾಂಶ. ಅದು ಬಹಳ ಚರ್ಚೆಯನ್ನು ಎಬ್ಬಿಸಿತು. ಮುಂದಿನ ವರ್ಷಗಳಲ್ಲಿ ವೇದಿಕೆಗಳ ಮೇಲೆ ಬೇರೆಬೇರೆ ಬಣ್ಣದ ಮುಖಗಳು ಹೆಚ್ಚಿದವು.

ಮೈಯ ತೂಕದ ವಿಷಯದಲ್ಲಿ ಸರಕಾರಗಳೇ ಕೈಹಾಕಬೇಕಾಯಿತು. ೨೦೦೬ರಲ್ಲಿ ಮ್ಯಾಡ್ರಿಡ್ ನಗರದ ಪ್ರದರ್ಶನವು, ದೇಹದ ತೂಕದ ಸೂಚಿಯು ೧೮ಕ್ಕಿಂತ ಕಡಿಮೆ ಇದ್ದವರನ್ನು ದೂರವಿಟ್ಟಿತು. ಫ್ರಾನ್ಸಿನಲ್ಲಿ ೨೦೧೭ರಿಂದ ರೂಪದರ್ಶಿಗಳಿಗೆ ವೈದ್ಯರ ಪ್ರಮಾಣಪತ್ರ ಕಡ್ಡಾಯವಾಯಿತು. ಮೈಯನ್ನು ತಿದ್ದಿ ತೆಳ್ಳಗೆ ಮಾಡಿದ ಜಾಹೀರಾತಿನ ಚಿತ್ರದ ಮೇಲೆ 'ತಿದ್ದಿದ ಛಾಯಾಚಿತ್ರ' ಎಂದು ನಮೂದಿಸಬೇಕೆಂಬ ನಿಯಮವೂ ಬಂದಿತು. ಅದೇ ವರ್ಷ ಎಲ್‌ವಿಎಮ್‌ಎಚ್ ಮತ್ತು ಕೆರಿಂಗ್ ಎಂಬ ಎರಡು ದೊಡ್ಡ ಸಮೂಹಗಳು, ೧೬ ವರ್ಷ ತುಂಬದವರನ್ನು ವಯಸ್ಕರ ಉಡುಪಿನ ಪ್ರದರ್ಶನಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಒಪ್ಪಿಕೊಂಡವು. ಹಾಗಾದರೆ ಅದಕ್ಕೆ ಮುಂಚೆ ದೊಡ್ಡವರ ಉಡುಪನ್ನು ತೊಟ್ಟು ನಡೆದವರಲ್ಲಿ ಶಾಲೆಯ ವಯಸ್ಸಿನ ಮಕ್ಕಳೂ ಇದ್ದರೆಂದಾಯಿತು. ಆ ಮೈಯನ್ನು ತಮ್ಮ ಮೈಯೊಡನೆ ಹೋಲಿಸಿಕೊಂಡು ಕೊರಗಿದ ತಾಯಂದಿರು ಇದನ್ನು ತಿಳಿದಿರಬೇಕು.

ನಮ್ಮ ದೇಶದವರೂ ಈ ವೇದಿಕೆಗಳನ್ನು ಏರಿದ್ದಾರೆ. ಗೋವಾ ಮೂಲದ ಅಂಜಲಿ ಮೆಂಡಿಸ್ ಅವರು ೧೯೭೧ರಲ್ಲಿ ಪ್ಯಾರಿಸಿಗೆ ಹೋಗಿ ಪಿಯರ್ ಕಾರ್ಡಿನ್ ಅವರ ಸಂಸ್ಥೆಯಲ್ಲಿ ಹೆಸರು ಗಳಿಸಿದರು. ೨೦೨೫ರ ಡಿಸೆಂಬರಿನಲ್ಲಿ ಶನೆಲ್ ಸಂಸ್ಥೆಯು ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣವೊಂದರಲ್ಲಿ ನಡೆಸಿದ ಪ್ರದರ್ಶನದಲ್ಲಿ ಎಲ್ಲರಿಗಿಂತ ಮೊದಲು ನಡೆದವರು ಹೈದರಾಬಾದಿನ ಭವಿತಾ ಮಂಡವ. ಮರುದಿನ ನಮ್ಮ ದೇಶದ ಪತ್ರಿಕೆಗಳಲ್ಲಿ ಆ ಸುದ್ದಿ ಬಂದಾಗ, ಶೀರ್ಷಿಕೆಗಳಲ್ಲಿ ಎದ್ದು ಕಂಡುದು ಆಕೆಯ ಹೆಸರು ಮತ್ತು ಊರು. ಉಡುಪುಗಳ ವಿಚಾರವು ಹಿಂದೆ ಬಿದ್ದಿತು. ಇದು ಸಂತೋಷದ ಸಂಗತಿಯೇ ಸರಿ. ಆದರೆ ನಮ್ಮವರು ನಡೆದರೆಂಬ ಕಾರಣಕ್ಕೆ ಸಂಗ್ರಹವೆಲ್ಲ ಚೆನ್ನಾಗಿದೆ ಎನ್ನುವುದೂ ಪ್ರಭಾವಳಿಯ ತಪ್ಪೇ ಎಂಬುದನ್ನು ಮರೆಯಬಾರದು.

ನಮ್ಮ ಅಂಗಳದಲ್ಲಿ

ಪರದೇಶದವರ ತಪ್ಪನ್ನು ಎಣಿಸುವುದು ಸುಲಭ. ನಮ್ಮದನ್ನೂ ಒಂದಿಷ್ಟು ಹೇಳಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವು ಪಾಠ ಹೇಳುತ್ತಿದ್ದ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಕಿತ್ತೂರು ಚೆನ್ನಮ್ಮನ ನಾಟಕವನ್ನು ಆಡಿಸಬೇಕೆಂದಾಯಿತು. ರಾಣಿಯ ಪಾತ್ರಕ್ಕೆ ಇಬ್ಬರು ಹುಡುಗಿಯರು ಮುಂದೆ ಬಂದರು. ಒಬ್ಬಳಿಗೆ ಮಾತುಗಳೆಲ್ಲ ಬಾಯಿಪಾಠವಾಗಿದ್ದವು, ದನಿಯೂ ಗಟ್ಟಿ. ಇನ್ನೊಬ್ಬಳು ಬೆಳ್ಳಗಿದ್ದಳು. "ರಾಣಿ ಎಂದರೆ ನೋಡಲು ರಾಣಿಯಂತಿರಬೇಕು" ಎಂದು ನಾವೇ ಎರಡನೆಯವಳನ್ನು ಆರಿಸಿದೆವು. ಮೊದಲನೆಯವಳನ್ನು ಪರದೆಯ ಹಿಂದೆ ನಿಲ್ಲಿಸಿ, ಮರೆತಾಗ ಮಾತು ಎತ್ತಿಕೊಡುವ ಕೆಲಸಕ್ಕೆ ಹಚ್ಚಿದೆವು. ನಾಟಕ ಚೆನ್ನಾಗಿಯೇ ಆಯಿತು, ಪಾಲಕರು ಚಪ್ಪಾಳೆ ತಟ್ಟಿದರು. ಮರುವರ್ಷ ನಾಟಕಕ್ಕೆ ಹೆಸರು ಕೊಡಿರೆಂದಾಗ ಆ ಹುಡುಗಿ ಏಳಲಿಲ್ಲ. ಕರೆದು ಕೇಳಿದೆವು. "ನನಗೆ ಪರದೆಯ ಹಿಂದಿನ ಕೆಲಸವೇ ಇರಲಿ, ಸರ್" ಎಂದಳು. ಅವಳು ನಮ್ಮನ್ನು ದೂರಲಿಲ್ಲ; ನಮ್ಮ ತೀರ್ಪನ್ನು ತನ್ನದಾಗಿಯೇ ಮಾಡಿಕೊಂಡಿದ್ದಳು. ಚೆನ್ನಮ್ಮ ರಾಣಿಯ ಹಿರಿಮೆ ಇದ್ದುದು ಆಕೆಯ ಧೈರ್ಯದಲ್ಲಿ ಎಂದು ಅದೇ ಮಕ್ಕಳಿಗೆ ಇತಿಹಾಸದ ಪಾಠದಲ್ಲಿ ಹೇಳಿದವರೂ ನಾವೇ.

ಶಾಲೆಯ ನಾಟಕಕ್ಕೆ, ಮದುವೆಯ ಮನೆಯ ಫೋಟೋಕ್ಕೆ, ಅತಿಥಿಗಳಿಗೆ ಹೂ ಕೊಡುವುದಕ್ಕೆ ಮಕ್ಕಳನ್ನು ಆರಿಸುವಾಗ ನಾವೆಲ್ಲರೂ ಆಯ್ಕೆಯ ನಿರ್ದೇಶಕರೇ. ನಾವು ಯಾರನ್ನು ಮುಂದೆ ನಿಲ್ಲಿಸುತ್ತೇವೆಯೋ ಅವರಂತಿರುವುದೇ ಚೆಲುವು ಎಂದು ಹಿಂದೆ ನಿಂತವರು ಕಲಿಯುತ್ತಾರೆ.

ಹಾಗಾದರೆ ನೋಡುವುದು ಹೇಗೆ? ಅಂಗಡಿಯ ಆಳು ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡಾಗ ತಾಯಂದಿರು ನೋಡಿದಂತೆ: ನೂಲು, ನೇಯ್ಗೆ, ಹೊಲಿಗೆ, ಬಣ್ಣ, ಬೀಳು ಇವನ್ನು ಮೊದಲು. ತರುವಾಯ ತೊಟ್ಟವರನ್ನು ನೋಡಿ, ಅವರು ಉಡುಪಿಗೆ ಏನನ್ನು ಕೂಡಿಸಿದರೆಂದು ಯೋಚಿಸಬೇಕು. ಅದೂ ಒಂದು ಕಲೆ, ಅದಕ್ಕೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸಬೇಕು. ಕೊನೆಯಲ್ಲಿ, ಈ ಸಾಲಿನಲ್ಲಿ ಯಾರು ಕಾಣಲಿಲ್ಲ ಎಂದು ಕೇಳಿಕೊಳ್ಳಬೇಕು. ಈ ಮೂರನ್ನೂ ಬೇರೆಬೇರೆಯಾಗಿ ನೋಡಲು ಕಲಿತ ವಿದ್ಯಾರ್ಥಿಯು ಕನ್ನಡಿಯ ಮುಂದೆ ನಿಂತಾಗ ತನ್ನ ಮೈಯನ್ನು ಹಳಿಯುವುದಕ್ಕೆ ಮುಂಚೆ ಒಂದು ಕ್ಷಣ ಯೋಚಿಸುತ್ತಾನೆ.

ಅಭ್ಯಾಸಕ್ಕಾಗಿ

೧. ಪತ್ರಿಕೆಯಿಂದ ಉಡುಪಿನ ಜಾಹೀರಾತೊಂದನ್ನು ಕತ್ತರಿಸಿ ತನ್ನಿರಿ. ರೂಪದರ್ಶಿಯ ಮುಖವನ್ನು ಕಾಗದದಿಂದ ಮುಚ್ಚಿ, ಉಡುಪನ್ನು ಮಾತ್ರ ಐದು ವಾಕ್ಯಗಳಲ್ಲಿ ವರ್ಣಿಸಿರಿ. ಆಮೇಲೆ ಕಾಗದವನ್ನು ತೆಗೆದು, ನಿಮ್ಮ ಅಭಿಪ್ರಾಯ ಬದಲಾಯಿತೇ, ಏಕೆ ಎಂದು ಬರೆಯಿರಿ.

೨. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ದೇಹದ ತೂಕದ ಸೂಚಿ ದೊರೆಯುತ್ತದೆ. ಎತ್ತರ ೧.೭೫ ಮೀಟರ್ ಇರುವ ವಯಸ್ಕ ರೂಪದರ್ಶಿಯ ಸೂಚಿ ೧೮ ಆಗಬೇಕಾದರೆ ಆಕೆಯ ತೂಕ ಎಷ್ಟಿರಬೇಕು? (ಉತ್ತರ: ಸುಮಾರು ೫೫ ಕಿಲೋಗ್ರಾಂ.)

೩. ವರ್ಸೇಲ್ಸಿನ ಪ್ರದರ್ಶನದಲ್ಲಿ ಅಮೆರಿಕದವರ ಗೆಲುವಿಗೆ ಕಾರಣಗಳೇನು? ಅವುಗಳಲ್ಲಿ ರೂಪದರ್ಶಿಗಳ ಆಯ್ಕೆಯ ಪಾಲು ಎಷ್ಟೆಂದು ನಿಮಗೆ ತೋರುತ್ತದೆ?

೪. ಪಾಲಕರೊಡನೆ ಚರ್ಚಿಸಿರಿ: "ಈ ಬಣ್ಣ ನಿನಗೆ ಒಪ್ಪುವುದಿಲ್ಲ" ಎಂದು ನಿಮಗೆ ಮೊದಲು ಹೇಳಿದವರು ಯಾರು? ಅವರು ಅದನ್ನು ಯಾರಿಂದ ಕಲಿತರು?